ಕ ಎಲ್ಲಿ ಹುಟ್ಟುತ್ತೆ, ಪ ಎಲ್ಲಿ ಹುಟ್ಟುತ್ತೆ? ವ್ಯಂಜನಗಳ ಉಚ್ಚಾರಣಾ ಸ್ಥಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಚ್ಚಾರಣಾ ಸ್ಥಾನ ಅಂದ್ರೆ ಏನು?

"ಆ" ಅಂತ ಹೇಳಿ ನೋಡಿ, ಉಸಿರು ಇರೋವರೆಗೂ ಎಳೀಬಹುದು, ಬಾಯಲ್ಲಿ ಗಾಳಿಗೆ ಎಲ್ಲೂ ತಡೆ ಇಲ್ಲ, ಅದು ಸ್ವರ. ಈಗ "ಆಪ್" ಅನ್ನಿ, ತುಟಿ ಮುಚ್ಚಿಕೊಂಡು ಗಾಳಿ ನಿಂತೋಯ್ತು. "ಆಕ್" ಅಂದ್ರೂ ನಿಲ್ಲುತ್ತೆ, ಆದ್ರೆ ಈ ಸಲ ತುಟಿ ತೆರೆದೇ ಇದೆ, ತಡೆ ಬಿದ್ದಿರೋದು ಹಿಂದೆ, ಕಿರುನಾಲಿಗೆ ಹತ್ತಿರ. ಹೀಗೆ ಗಾಳಿಗೆ ತಡೆ ಬೀಳೋ ಜಾಗಾನೇ ಉಚ್ಚಾರಣಾ ಸ್ಥಾನ. ತಡೆ ಪೂರ್ತಿ ಇರ್ಬೇಕು ಅಂತೇನಿಲ್ಲ, ಸ ಶ ಹೇಳುವಾಗ ದಾರಿ ಸಣ್ಣದಾಗುತ್ತೆ ಅಷ್ಟೇ, ಗಾಳಿ ಸುಯ್ ಅಂತ ನುಗ್ಗಿ ಬರುತ್ತೆ.

ಇಲ್ಲಿ ಎರಡು ವಿಷಯ ಇದೆ, ಜನ ಒಂದಕ್ಕೊಂದು ಕಲಸಿಬಿಡ್ತಾರೆ. ತಾಗಿಸಿಕೊಳ್ಳೋ ಜಾಗ ಒಂದು (ಮೇಲ್ದುಟಿ, ಹಲ್ಲು, ವಸಡು, ಅಂಗಳ ಅಂದ್ರೆ ಬಾಯೊಳಗಿನ ಮೇಲ್ಛಾವಣಿ), ಹೋಗಿ ತಾಗೋ ಅಂಗ ಇನ್ನೊಂದು (ಕೆಳದುಟಿ, ನಾಲಿಗೆ ತುದಿ, ನಾಲಿಗೆ ನಡು, ನಾಲಿಗೆ ಹಿಂಭಾಗ). ಹಳೇ ವ್ಯಾಕರಣದವರು ಮೊದಲನೇದನ್ನ ಸ್ಥಾನ, ಎರಡನೇದನ್ನ ಕರಣ ಅಂತ ಬೇರೆ ಬೇರೆಯಾಗೇ ಹೆಸರಿಟ್ಟಿದ್ರು. ನಮ್ಮ ಸ್ಕೂಲ್ ಪುಸ್ತಕಗಳಲ್ಲಿ ಸ್ಥಾನ ಮಾತ್ರ ಉಳ್ಕೊಂಡಿದೆ, ಕರಣ ಬಿಟ್ಟೋಗಿದೆ, ಹಾಗಾಗೇ ಟ ಯಾಕೆ ಬೇರೆ ತ ಯಾಕೆ ಬೇರೆ ಅಂತ ಮಕ್ಕಳಿಗೆ ವಿವರಿಸೋದು ಕಷ್ಟ ಆಗೋದು.

ಕ ಚ ಟ ತ ಪ ಅನ್ನೋ ಕ್ರಮಕ್ಕೆ ಏನಾದ್ರೂ ಅರ್ಥ ಇದ್ಯಾ, ಅಥವಾ ಸುಮ್ನೆ ಎ ಬಿ ಸಿ ಡಿ ತರಾನಾ?

ಅರ್ಥ ಇದೆ, ಅದೂ ಬಹಳ ಚೆನ್ನಾಗಿದೆ. ನಿಧಾನಕ್ಕೆ ಕ, ಚ, ಟ, ತ, ಪ ಅಂತ ಹೇಳ್ಕೊಂಡು ಬನ್ನಿ, ತಡೆ ಗಂಟಲ ಕಡೆಯಿಂದ ಒಂದೊಂದೇ ಹೆಜ್ಜೆ ಮುಂದೆ ಬಂದು ತುಟಿಗೆ ನಿಲ್ಲುತ್ತೆ. ಕವರ್ಗ ಕಂಠ್ಯ (ಗಂಟಲಿನದು), ಚವರ್ಗ ತಾಲವ್ಯ (ಅಂಗಳದ್ದು), ಟವರ್ಗ ಮೂರ್ಧನ್ಯ (ನಾಲಿಗೆ ಮಡಚಿ ಹೇಳೋದು), ತವರ್ಗ ದಂತ್ಯ (ಹಲ್ಲಿನದು), ಪವರ್ಗ ಓಷ್ಠ್ಯ (ತುಟಿಯದು). ಇದು ಮೇಲಿಂದ ಕೆಳಗೆ ಓದಿದಾಗ.

ಅಡ್ಡಡ್ಡ ಓದಿದ್ರೆ ಬೇರೆ ಲೆಕ್ಕ. ಕ ಖ ಗ ಘ ಙ ಐದಕ್ಕೂ ನಾಲಿಗೆ ಒಂದೇ ಕಡೆ ತಾಗುತ್ತೆ, ಬದಲಾಗೋದು ಉಳಿದಿದ್ದು: ಗಂಟಲಲ್ಲಿ ನಾದ, ಅಂದ್ರೆ ಕಂಪನ, ಇದ್ಯಾ (ಗ ಘ), ಜೋರಾಗಿ ಉಸಿರು ಬರುತ್ತಾ (ಖ ಘ), ಗಾಳಿ ಮೂಗಿಂದ ಹೋಗುತ್ತಾ (ಙ). ಅಂದ್ರೆ 25 ವರ್ಗೀಯ ವ್ಯಂಜನ ಐದಕ್ಕೈದು ಟೇಬಲ್ಲು. ಇಂಟರ್‌ನ್ಯಾಷನಲ್ ಫೊನೆಟಿಕ್ ಅಸೋಸಿಯೇಷನ್ ಅಂತ 1886ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಸಂಘ ಒಂದಿದೆ, ಇವತ್ತು ಪ್ರಪಂಚದಾದ್ಯಂತ ಬಳಸೋ ಧ್ವನಿ ಚಾರ್ಟು ಅವರದೇ. ಅದರಲ್ಲೂ ವ್ಯಂಜನಗಳನ್ನ ಜೋಡಿಸಿರೋದು ಇದೇ ತತ್ವದ ಮೇಲೆ, ಆದ್ರೆ ದಿಕ್ಕು ಉಲ್ಟಾ, ಎಡಗಡೆ ತುಟಿಯಿಂದ ಶುರುವಾಗಿ ಬಲಗಡೆ ಗಂಟಲಿಗೆ ಹೋಗುತ್ತೆ.

ಈ ಸ್ಥಾನಗಳನ್ನ ಬಾಯಿಪಾಠ ಮಾಡಿದ್ರೆ ಸಾಕಾ?

ಪರೀಕ್ಷೆಗೆ ಸಾಕು. ಅರ್ಥ ಆಗ್ಬೇಕು ಅಂದ್ರೆ ಸಾಲ್ದು, ಯಾಕಂದ್ರೆ ಈ ಹೆಸರುಗಳು ಸಂಸ್ಕೃತದ ಉಚ್ಚಾರಣೆ ನೋಡಿ ಇಟ್ಟಿದ್ದು. ಕನ್ನಡಕ್ಕೆ ಮುಕ್ಕಾಲು ಪಾಲು ಹೊಂದುತ್ತೆ, ಉಳಿದ ಕಡೆ ಹೊಂದಲ್ಲ, ಮತ್ತೆ ನಾವು ಹೊಂದದೇ ಇರೋ ಕಡೇನೂ ಹಾಗೇ ಉರು ಹೊಡೀತೀವಿ. ಕೆಳಗೆ ಎಲ್ಲೆಲ್ಲಿ ತಕರಾರು ಇದೆಯೋ ಅಲ್ಲೆಲ್ಲ ಹೇಳ್ತೀನಿ. ಪುಸ್ತಕಕ್ಕಿಂತ ನಿಮ್ಮ ನಾಲಿಗೆ ಮೇಲೇ ಹೆಚ್ಚು ನಂಬಿಕೆ ಇಡಿ.

ನಾಲಿಗೆ ಎಲ್ಲಿ ತಾಗ್ತಿದೆ ಅಂತ ಗೊತ್ತಾಗೋದು ಹೇಗೆ? ನಂಗೆ ಏನೂ ಗೊತ್ತಾಗ್ತಿಲ್ಲ.

ಎಲ್ಲರಿಗೂ ಹಾಗೇ, ಹುಟ್ಟಿದಾಗಿಂದ ಮಾತಾಡ್ತಿರೋದ್ರಿಂದ ಗಮನಾನೇ ಇರಲ್ಲ. ಒಂದು ಸುಲಭ ಉಪಾಯ: ಅಕ್ಷರಾನ ಹೇಳೋಕೆ ರೆಡಿಯಾಗಿ, ಬಾಯಿ ಆ ಭಂಗಿಯಲ್ಲೇ ನಿಲ್ಲಿಸಿ, ಹೇಳಬೇಡಿ, ಬದಲಿಗೆ ಉಸಿರನ್ನ ಬಾಯಿಂದ ಒಳಗೆ ಎಳ್ಕೊಳ್ಳಿ. ಸ ಭಂಗಿಯಲ್ಲಿ ಎಳೆದ್ರೆ ಮುಂದಿನ ಹಲ್ಲಿನ ಹಿಂದೆ ತಣ್ಣಗಾಗುತ್ತೆ, ಶ ಅಂದ್ರೆ ಸ್ವಲ್ಪ ಹಿಂದೆ. ಲ ಭಂಗಿಯಲ್ಲಿ ಎಳೆದ್ರೆ ತಣ್ಣಗಾಗೋದು ನಾಲಿಗೆಯ ಅಕ್ಕಪಕ್ಕ, ಯಾಕಂದ್ರೆ ಲ ಹೇಳುವಾಗ ತುದಿ ಮೇಲೆ ಒತ್ಕೊಂಡಿರುತ್ತೆ, ಗಾಳಿ ಪಕ್ಕದಿಂದ ಜಾರಿ ಹೋಗುತ್ತೆ.

ಲ್ಯಾಬ್‌ನಲ್ಲಿ ಮಾಡೋ ಹಳೇ ವಿಧಾನ ಇನ್ನೂ ಮಜಾ ಇದೆ. ಇದ್ದಲಿನ ಪುಡಿಯನ್ನ ಎಣ್ಣೆಯಲ್ಲಿ ಕಲಸಿ ನಾಲಿಗೆಗೆ ಬಳೀತಾರೆ, ಒಂದೇ ಒಂದು ಸಲ "ಅಟ" ಅನ್ನಿಸ್ತಾರೆ, ಆಮೇಲೆ ಬಾಯಲ್ಲಿ ಕನ್ನಡಿ ಇಟ್ಟು ಅಂಗಳದ ಫೋಟೋ ತೆಗೀತಾರೆ, ಕಪ್ಪು ಎಲ್ಲಿ ಅಂಟಿದೆಯೋ ಅದೇ ಸ್ಥಾನ. ಪ್ಯಾಲಟೋಗ್ರಫಿ ಅಂತಾರೆ ಇದಕ್ಕೆ. ಇದೇ ಕೆಲಸಾನ ಎಲೆಕ್ಟ್ರೋಡ್ ಕೂರಿಸಿದ ತೆಳ್ಳನೆ ಕೃತಕ ಅಂಗಳ ಹಾಕಿ ಕಂಪ್ಯೂಟರ್‌ನಲ್ಲಿ ನೋಡೋದೂ ಇದೆ, ಎಂಆರ್‌ಐಯಲ್ಲಿ ಮಾತಾಡಿಸಿ ವಿಡಿಯೋ ತೆಗೆಯೋದೂ ಇದೆ.

ಕ ನಿಜವಾಗ್ಲೂ ಗಂಟಲಿಂದ ಬರುತ್ತಾ?

ಇಲ್ಲ. ಕಂಠ್ಯ ಅಂತ ಹೆಸರಿದ್ರೂ ನಾಲಿಗೆಯ ಹಿಂಭಾಗ ಎದ್ದು ಮೆದು ಅಂಗಳಕ್ಕೆ ತಾಗುತ್ತೆ, ಗಂಟಲು ಇನ್ನೂ ಕೆಳಗಿದೆ. ಈಗಿನವರು ಮೃದುತಾಲವ್ಯ ಅಂತಾರೆ, ಅದೇ ಸರಿಯಾದ ಹೆಸರು. ಹಳಬರಿಗೂ ಇದು ಗೊತ್ತಿರಲಿಲ್ಲ ಅಂದ್ಕೋಬೇಡಿ, ಕೆಲವು ಪ್ರಾತಿಶಾಖ್ಯಗಳಲ್ಲಿ (ವೇದದ ಉಚ್ಚಾರಣೆ ಬಗ್ಗೆ ಬರೆದ ಹಳೇ ಗ್ರಂಥಗಳು) ಕವರ್ಗಕ್ಕೆ ಜಿಹ್ವಾಮೂಲೀಯ, ಅಂದ್ರೆ ನಾಲಿಗೆ ಬುಡದ್ದು, ಅಂತಾನೇ ಹೇಳಿದ್ದಾರೆ.

ಇನ್ನೊಂದು, ಸ್ಥಾನ ಅನ್ನೋದು ಮೊಳೆ ಹೊಡೆದಂಗೆ ಒಂದೇ ಕಡೆ ಇರಲ್ಲ. "ಕಿವಿ" ಅನ್ನಿ, ಆಮೇಲೆ "ಕುರಿ" ಅನ್ನಿ, ಎರಡರಲ್ಲೂ ಮೊದಲ ಅಕ್ಷರ ಹೇಳೋ ಮುಂಚೆ ನಿಲ್ಲಿಸಿ ನೋಡಿ. ಕಿ ಅನ್ನೋಕೆ ನಾಲಿಗೆ ಮುಂದೆ ಬಂದಿರುತ್ತೆ, ಕು ಅನ್ನೋಕೆ ಹಿಂದೆ ಹೋಗಿರುತ್ತೆ, ಮುಂದೆ ಬರೋ ಸ್ವರಕ್ಕೆ ಮೊದಲೇ ಅಣಿಯಾಗುತ್ತೆ. ಆದ್ರೂ ಎರಡನ್ನೂ ನಾವು ಕ ಅಂತಾನೇ ಕೇಳಿಸ್ಕೋತೀವಿ.

ಟ ಮತ್ತು ತ ನಡುವೆ ವ್ಯತ್ಯಾಸ ಏನು? ಇಂಗ್ಲಿಷ್‌ನ ಟೀ, ಟೇಬಲ್ಲಿನ ಟ ನಮ್ಮ ಟನೇನಾ?

ಅಲ್ಲ! ತ ಹೇಳುವಾಗ ನಾಲಿಗೆ ಮೇಲಿನ ಹಲ್ಲಿನ ಹಿಂಭಾಗಕ್ಕೆ ಅಗಲವಾಗಿ ಒತ್ತುತ್ತೆ. ಟ ಹೇಳುವಾಗ ತುದಿ ಮೇಲಕ್ಕೆ ಹಿಂದಕ್ಕೆ ಮಡಚಿ, ವಸಡಿನ ದಿಣ್ಣೆ (ಮೇಲಿನ ಹಲ್ಲಿನ ಹಿಂದಿರೋ ಉಬ್ಬು) ದಾಟಿ ಅಂಗಳಕ್ಕೆ ತಾಗುತ್ತೆ, ಎಷ್ಟೋ ಸಲ ನಾಲಿಗೆಯ ಕೆಳಭಾಗಾನೇ ತಾಗುತ್ತೆ. ಇಂಗ್ಲಿಷರ ಟ ಎರಡರ ಮಧ್ಯ, ಆ ವಸಡಿನ ದಿಣ್ಣೆ ಮೇಲೇ, ಅದಕ್ಕೆ ದಂತಮೂಲೀಯ ಅಥವಾ ವರ್ತ್ಸ್ಯ ಅಂತಾರೆ. ಕನ್ನಡದಲ್ಲಿ ಆ ಜಾಗದ ಟ ಇಲ್ಲ, ಹಾಗಾಗಿ ನಮ್ಮ ಕಿವಿ ಅದನ್ನ ಹತ್ತಿರದ ಟಗೆ ಸೇರಿಸ್ಕೊಂಡು ಟಿಕೆಟ್ಟು, ಡಾಕ್ಟ್ರು, ಡಬ್ಬಲ್ಲು ಅಂತ ಮಾಡ್ಕೊಂಡ್ವಿ. ಥ್ಯಾಂಕ್ಸ್ ಅನ್ನೋದ್ರಲ್ಲಿ ಇಂಗ್ಲಿಷರು ಹಲ್ಲಿನ ಸಂದಿಯಲ್ಲಿ ಗಾಳಿ ಬಿಡ್ತಾರೆ, ನಾವು ಹಲ್ಲಿಗೆ ಒತ್ತಿ ತ/ಥ ಅಂತೀವಿ, ಯಾರಿಗೂ ಅರ್ಥ ಆಗದೇ ಇರಲ್ಲ.

ನಮಗೆ ಈ ಟ-ತ ವ್ಯತ್ಯಾಸ ಎಷ್ಟು ಮುಖ್ಯ ಅಂದ್ರೆ ಅರ್ಥಾನೇ ಬದಲಾಗುತ್ತೆ. ಕಟ್ಟೆ ಮೇಲೆ ಕೂರಬಹುದು, ಕತ್ತೆ ಮೇಲೆ ಕೂತ್ರೆ ಒದೆ ಬೀಳುತ್ತೆ. ಮುತ್ತು-ಮುಟ್ಟು, ಹತ್ತಿ-ಹಟ್ಟಿ, ಹಾಗೇ ನ-ಣ, ಲ-ಳ ಕಡೆ ಅನ್ನ-ಅಣ್ಣ, ಮನೆ-ಮಣೆ, ಹಲ್ಲಿ-ಹಳ್ಳಿ, ಹುಲಿ-ಹುಳಿ, ಬಲೆ-ಬಳೆ, ಕಲ್ಲು-ಕಳ್ಳು, ಹೇಳ್ತಾ ಹೋದ್ರೆ ಮುಗಿಯಲ್ಲ.

ಮಲಯಾಳಂನವರು ನಮಗಿಂತ ಒಂದು ಕೈ ಮೇಲೆ, ಹಲ್ಲಿನ ತ್ತ, ವಸಡಿನದು, ಮಡಚಿದ ಟ್ಟ ಮೂರೂ ಅವರಲ್ಲಿ ಬೇರೆ ಬೇರೆ ಅಕ್ಷರದ ತರಾನೇ ಕೆಲಸ ಮಾಡ್ತವೆ.

ಮೂರ್ಧನ್ಯ ನಮ್ಮಲ್ಲಿ ಮಾತ್ರ ಇರೋದಾ?

ನಮ್ಮಲ್ಲಿ ಮಾತ್ರ ಅಲ್ಲ, ಆದ್ರೆ ನಮ್ಮಲ್ಲಿ ಬಹಳ ದಟ್ಟವಾಗಿದೆ. ದ್ರಾವಿಡ ಭಾಷೆಗಳಲ್ಲೂ ಇದೆ, ಹಿಂದಿ ಮರಾಠಿ ಕಡೆಯ ಇಂಡೋ-ಆರ್ಯನ್ ಭಾಷೆಗಳಲ್ಲೂ ಇದೆ, ಜಾರ್ಖಂಡ್ ಕಡೆಯ ಮುಂಡಾ ಭಾಷೆಗಳಲ್ಲೂ ಇದೆ. ಮನೆತನ ಬೇರೆ ಬೇರೆ ಆದ್ರೂ ಒಂದೇ ನೆಲದಲ್ಲಿ ಒಟ್ಟಿಗೆ ಬಾಳಿದ್ದಕ್ಕೆ ಬಂದ ಗುಣಗಳಲ್ಲಿ ಇದೂ ಒಂದು ಅಂತ 1956ರಲ್ಲಿ ಭಾಷಾವಿಜ್ಞಾನಿ ಮರ್ರೆ ಎಮೆನೋ ಭಾರತವನ್ನ ಒಂದು "ಭಾಷಾ ವಲಯ" ಅಂತ ಕರೆದ್ರು. ನಮ್ಮ ಡಿ. ಎನ್. ಶಂಕರ ಭಟ್ಟರು 1973ರಲ್ಲಿ ಪ್ರಪಂಚದ ಬೇರೆ ಬೇರೆ ಭಾಗದ ಭಾಷೆಗಳನ್ನ ಇಟ್ಕೊಂಡು ಮೂರ್ಧನ್ಯದ ಬಗ್ಗೆನೇ ಬರೆದಿದ್ದಾರೆ. ಆಸ್ಟ್ರೇಲಿಯಾದ ಎಷ್ಟೋ ಮೂಲನಿವಾಸಿ ಭಾಷೆಗಳಲ್ಲಿ ಇದೆ, ಸ್ವೀಡಿಷ್ ನಾರ್ವೇಜಿಯನ್‌ನಲ್ಲಿ ರ ಮತ್ತು ತ ಕೂಡಿದ ಕಡೆ ಹುಟ್ಟುತ್ತೆ.

ಎಲ್ಲರ ಟ ಒಂದೇ ಅಲ್ಲ ಅನ್ನೋದೂ ನೆನಪಿರಲಿ. ಹಿಂದಿಯವರ ಟಗೆ ನಾಲಿಗೆ ತುದಿ ವಸಡಿನ ದಿಣ್ಣೆಯ ಸ್ವಲ್ಪ ಹಿಂದೆ ತಾಗುತ್ತೆ ಅಷ್ಟೇ, ತಮಿಳು ತೆಲುಗಲ್ಲಿ ಪೂರ್ತಿ ಮಡಚಿ ನಾಲಿಗೆಯ ಕೆಳಭಾಗ ಗಟ್ಟಿ ಅಂಗಳಕ್ಕೆ ತಾಗೋದು ಎಕ್ಸ್‌ರೇ ಚಿತ್ರಗಳಲ್ಲೇ ಕಂಡಿದೆ.

ಕನ್ನಡದ ಒಳಗೂ ಡ ಎರಡು ತರ ಇದೆ, ಗಮನಿಸಿ. "ಅಡ್ಡಿ" ಅನ್ನುವಾಗ ನಾಲಿಗೆ ಹೋಗಿ ಒತ್ಕೊಂಡು ನಿಲ್ಲುತ್ತೆ, "ಅಡಿ", "ಮಾಡು", "ನಾಡು" ಅನ್ನುವಾಗ ಬರೀ ಸವರಿಕೊಂಡು ಹೋಗುತ್ತೆ.

ನಮ್ಮ ಮಗು ಅಮೆರಿಕದಲ್ಲಿ ಬೆಳೀತಿದೆ, ಹಳ್ಳಿನ ಹಲ್ಲಿ ಅನ್ನುತ್ತೆ. ಳ ಕಲಿಸೋದು ಹೇಗೆ?

ಬರೀ "ಸರಿಯಾಗಿ ಹೇಳು" ಅಂದ್ರೆ ಬರಲ್ಲ, ನಾಲಿಗೆಗೆ ದಾರಿ ತೋರಿಸ್ಬೇಕು. ಮೊದಲು "ಅಟ್ಟ" ಅನ್ನಿಸಿ, ಅದು ಮಡಚಿದ ಟನೇನಾ ಅಂತ ಖಾತ್ರಿ ಮಾಡ್ಕೊಳ್ಳಿ, ಇಂಗ್ಲಿಷ್ ಟ ಆಗಿರೋ ಸಾಧ್ಯತೆನೇ ಹೆಚ್ಚು. ಅದು ಬಂದ ಮೇಲೆ "ಅಣ್ಣ", ಭಂಗಿ ಅದೇ, ಗಾಳಿ ಮೂಗಿಂದ. ಆಮೇಲೆ ಅದೇ ಜಾಗದಲ್ಲಿ ನಾಲಿಗೆ ತುದಿ ತೆಗೀದೇ ಪಕ್ಕ ಮಾತ್ರ ಸಡಿಲ ಬಿಡಿಸಿ, "ಅಳ್ಳ" ತಾನಾಗೇ ಬರುತ್ತೆ. ಒತ್ತಕ್ಷರದ ಪದಗಳಿಂದ ಶುರು ಮಾಡಿ (ಹಳ್ಳಿ, ಬೆಳ್ಳಿ, ಕಳ್ಳ), ಆಮೇಲೆ ಬಾಳೆ, ಬಳೆ, ಮಳೆ. ಳ ಕನ್ನಡದಲ್ಲಿ ಪದದ ಮೊದಲಲ್ಲಿ ಬರಲ್ಲ, ಹಾಗಾಗಿ "ಳ ಅನ್ನು" ಅಂತ ಒಂಟಿಯಾಗಿ ಕೇಳೋದು ದೊಡ್ಡವರಿಗೂ ಕಷ್ಟದ ಕೆಲಸ.

ಹಿಂದಿ ಮನೆಮಾತಿನ ಸ್ನೇಹಿತರಿಗೂ ಇದೇ ಕ್ರಮ ನಡೆಯುತ್ತೆ, ಅವರಿಗೆ ಟ ಮೊದಲೇ ಇದೆ, ಳ ಮಾತ್ರ ಹೊಸದು. ಮರಾಠಿ, ಗುಜರಾತಿ, ಒಡಿಯಾದವರಿಗೆ ಪಾಠಾನೇ ಬೇಡ.

ಚಿಕ್ಕ ಮಕ್ಕಳು ಅಕ್ಕನ ಅತ್ತ ಅನ್ನೋದು ಯಾಕೆ?

ಹಿಂದಿನ ಸ್ಥಾನದ ಧ್ವನಿನ ಮುಂದಕ್ಕೆ ತರ್ತಾರೆ, ಕ ಹೋಗಿ ತ ಆಗುತ್ತೆ, ಗ ಹೋಗಿ ದ ಆಗುತ್ತೆ. ಗಮನಿಸಿ, ನಾದ ಇರೋದಕ್ಕೆ ನಾದ ಇರೋದೇ, ಇಲ್ಲದ್ದಕ್ಕೆ ಇಲ್ಲದ್ದೇ, ಸ್ಥಾನ ಮಾತ್ರ ಜರುಗಿರುತ್ತೆ, ಎಷ್ಟು ಶಿಸ್ತಿನ ತಪ್ಪು ನೋಡಿ. ಸಣ್ಣ ವಯಸ್ಸಲ್ಲಿ ಇದು ಸಾಮಾನ್ಯ. ರ, ಳ ಇನ್ನೂ ತಡವಾಗಿ ಬರ್ತವೆ. ಸ್ಕೂಲಿಗೆ ಸೇರೋ ವಯಸ್ಸಾದ್ರೂ ಹಾಗೇ ಇದ್ರೆ ವಾಕ್ ಚಿಕಿತ್ಸಕರ ಹತ್ರ ತೋರಿಸಿ. ಮೈಸೂರಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಯಿಷ್ ಅಂತ ಕರೀತಾರಲ್ಲ ಅದೇ, ಅಲ್ಲಿ ಇದೇ ಮುಖ್ಯ ಕೆಲಸ. ನೆಂಟರ ಮುಂದೆ ಮಗು ಕೈಲಿ ಮತ್ತೆ ಮತ್ತೆ ಹೇಳಿಸಿ ನಗೋದು ಮಾತ್ರ ಬೇಡ.

ಮಹಾಪ್ರಾಣ ಅನ್ನೋದೂ ಒಂದು ಸ್ಥಾನಾನಾ?

ಅಲ್ಲ. ಕ ಖ ಎರಡರ ಸ್ಥಾನ ಒಂದೇ, ಖ ಬಿಡುವಾಗ ಉಸಿರು ಜೋರು. ಅಂಗೈನ ಬಾಯಿ ಮುಂದೆ ಹಿಡಿದು ನೋಡಿ.

ಪುಸ್ತಕದಲ್ಲಿ ರ ಮೂರ್ಧನ್ಯ, ಲ ದಂತ್ಯ ಅಂತಿದೆ. ನಂಗೆ ಹಾಗೆ ಅನ್ನಿಸಲ್ವಲ್ಲ?

ನಿಮ್ಮ ಅನಿಸಿಕೆ ಸರಿ. ಪಾಣಿನಿ ಸಂಪ್ರದಾಯದಲ್ಲಿ ಋ, ಟವರ್ಗ, ರ, ಷ ಎಲ್ಲ ಒಂದೇ ಗುಂಪು, ಸಂಸ್ಕೃತ ಸಂಧಿಯಲ್ಲಿ ಅವು ಒಟ್ಟಿಗೆ ಓಡಾಡೋದ್ರಿಂದ ಆ ಗುಂಪಿಗೆ ಅರ್ಥ ಇತ್ತು. ಕೆಲವು ಪ್ರಾತಿಶಾಖ್ಯಗಳು ಅವತ್ತೇ ರ ದಂತಮೂಲದ್ದು ಅಂತ ಹೇಳಿದ್ವು. ಕನ್ನಡದ ರ ಹೇಳಿ ನೋಡಿ, ನಾಲಿಗೆ ತುದಿ ವಸಡಿನ ದಿಣ್ಣೆಗೆ ಬಡೀತಾ ಕಂಪಿಸುತ್ತೆ, ಮಡಚಲ್ಲ. ಲ, ಸ ಕೂಡ ಹಲ್ಲಿಗಿಂತ ಸ್ವಲ್ಪ ಮೇಲೆ, ಅದೇ ದಿಣ್ಣೆಯ ಹತ್ರ. ನ ಅಂತೂ ಊಸರವಳ್ಳಿ, "ಬಂತು" ಅನ್ನುವಾಗ ಹಲ್ಲಿಗೆ ಬರುತ್ತೆ, "ಮನೆ" ಅನ್ನುವಾಗ ಮೇಲೆ ಹೋಗುತ್ತೆ.

ಚ ಜ ಬಗ್ಗೆನೂ ಒಂದು ಮಾತು. ಇವು ಕ ತ ಪ ತರ ಒಂದೇ ಏಟಿಗೆ ಬಿಡುಗಡೆ ಆಗೋ ಧ್ವನಿಗಳಲ್ಲ, ಮೊದಲು ಒತ್ತಿ ಆಮೇಲೆ ಉಜ್ಜಿಕೊಂಡು ಬಿಡೋದು, ಚ ನಿಧಾನಕ್ಕೆ ಹೇಳಿದ್ರೆ ಕೊನೆಗೆ ಸಣ್ಣ ಶ ಕೇಳುತ್ತೆ.

ಶ ಷ ಸ ಮೂರನ್ನೂ ಬೇರೆ ಬೇರೆ ಹೇಳ್ಬೇಕಾ?

ಸ ಮತ್ತು ಶ ಬೇರೆ ಹೇಳೋದು ಕಲಿತವರ ಕನ್ನಡದಲ್ಲಿ ರೂಢಿ. ಷ ವಿಷಯಕ್ಕೆ ಬಂದ್ರೆ, ತುಂಬಾ ಜನ "ಭಾಷೆ"ನ "ಭಾಶೆ" ಅಂತಾನೇ ಹೇಳೋದು, ನ್ಯೂಸ್ ಓದೋರೂ ಸೇರಿ. ಕಷ್ಟ, ಕೃಷ್ಣ, ವಿಷ್ಣು ಇಂಥ ಕಡೆ ಮಾತ್ರ ಪಕ್ಕದ ಟ, ಣ ನಾಲಿಗೆನ ಹಿಂದಕ್ಕೆ ಎಳ್ಕೊಳ್ಳೋದ್ರಿಂದ ನಿಜವಾದ ಷ ಬರುತ್ತೆ. ಹಳ್ಳಿ ಕಡೆ ಸಂಕ್ರಪ್ಪ, ಸಾಂತಮ್ಮ ಅಂದ್ರೆ ನಗೋರು ಒಂದು ತಿಳ್ಕೊಳ್ಳಲಿ, 13ನೇ ಶತಮಾನದ ಕೇಶಿರಾಜನೇ ಶಬ್ದಮಣಿದರ್ಪಣದಲ್ಲಿ ಕನ್ನಡಕ್ಕೆ 47 ಅಕ್ಷರ ಅಂತ ಲೆಕ್ಕ ಹಾಕುವಾಗ ಶ ಷ ಎರಡನ್ನೂ ಬಿಟ್ಟಿದ್ದ.

ಹ ಎಲ್ಲಿಂದ ಬರುತ್ತೆ? ಹಾಲು ಮೊದಲು ಪಾಲು ಆಗಿತ್ತು ಅಂತಾರೆ, ತುಟಿಯ ಅಕ್ಷರ ಗಂಟಲಿಗೆ ಹೋಗೋದು ಹೇಗೆ?

ಹ ಬರೋದು ಧ್ವನಿಪೆಟ್ಟಿಗೆಯಿಂದ, ನಿಜವಾಗ್ಲೂ ಗಂಟಲಿನ ಅಕ್ಷರ ಅಂದ್ರೆ ಇದೇ, ನಾಲಿಗೆಗೆ ಇಲ್ಲಿ ಕೆಲಸಾನೇ ಇಲ್ಲ.

ಹಳಗನ್ನಡದ ಪಾಲ್, ಪುಲಿ, ಪತ್ತು, ಪಲ್ ಎಲ್ಲ ಹಾಲು, ಹುಲಿ, ಹತ್ತು, ಹಲ್ಲು ಆದ್ವು, ತಮಿಳರಲ್ಲಿ ಇವತ್ತಿಗೂ ಪಾಲ್, ಪುಲಿ, ಪತ್ತು, ಪಲ್. ತುಟಿ ಗಟ್ಟಿಯಾಗಿ ಮುಚ್ಚೋದನ್ನ ಜನ ಸ್ವಲ್ಪ ಸ್ವಲ್ಪ ಸಡಿಲ ಬಿಟ್ರೆ ಉಳಿಯೋದು ಬರೀ ಉಸಿರು, ಅದೇ ಹ. ಈ ತರ ಬದಲಾವಣೆ ಜಪಾನೀಸ್‌ನಲ್ಲೂ ಆಗಿದೆ. ಆದ್ರೆ ತುಟಿ ಗಟ್ಟಿಯಾಗಿ ಒತ್ತೋ ಕಡೆ ಪ ಅಲ್ಲಾಡ್ಲಿಲ್ಲ, ಅಪ್ಪ ಅಪ್ಪನೇ, ಉಪ್ಪು ಉಪ್ಪೇ. ಇನ್ನೂ ಚೆಂದದ ಸಾಕ್ಷಿ "ಕಂಬನಿ". ಪನಿ ಒಂಟಿಯಾಗಿದ್ದಾಗ ಹನಿ ಆಯ್ತು, ಕಣ್ ಜೊತೆ ಸೇರಿದ್ದು ಮಾತ್ರ ತುಟಿ ಬಿಡದೆ ಬ ಆಗಿ ಉಳ್ಕೊಂಡಿದೆ.

ಹಳೇ ಮೈಸೂರು ಕಡೆ ಆಡುಮಾತಲ್ಲಿ ಆ ಹಾನೂ ಹೋಗಿ "ಆಲು", "ಅತ್ತು" ಆಗಿದೆ. ಪ ಹ ಆಗಿದ್ದು ಶಿಷ್ಟ, ಹ ಹೋಗಿದ್ದು ಅಶಿಷ್ಟ ಅನ್ನೋದು ನಂಗಂತೂ ಒಪ್ಪಿಗೆ ಇಲ್ಲ, ಒಂದೇ ದಾರಿಯ ಎರಡು ಮೈಲಿಗಲ್ಲು ಇವು.

ವ ಮತ್ತು ಫ?

ವ ಕೆಳದುಟಿ ಮತ್ತು ಮೇಲಿನ ಹಲ್ಲಿನದು, ದಂತೋಷ್ಠ್ಯ. ಇಂಗ್ಲಿಷ್‌ನಲ್ಲಿ ಇದರ ಹತ್ತಿರ ಎರಡು ಧ್ವನಿ ಇವೆ, ಒಂದು ಹಲ್ಲು ತಾಗಿಸಿ ಉಜ್ಜೋದು, ಇನ್ನೊಂದು ತುಟಿ ದುಂಡಗೆ ಮಾಡೋದು, ನಮ್ಮ ವ ಎರಡೂ ಅಲ್ಲ. ಅದಕ್ಕೇ ವೈನ್ ಅಂದ್ರೆ ಹೆಂಡಾನಾ ಬಳ್ಳಿನಾ ಅಂತ ಸಂದರ್ಭ ನೋಡಿ ತಿಳೀಬೇಕು.

ಫ ಮೂಲದಲ್ಲಿ ಎರಡು ತುಟಿ ಮುಚ್ಚಿ ಉಸಿರು ಜೋರಾಗಿ ಬಿಡೋ ಪ, "ಫಲ" ಹಾಗೇ ಹೇಳ್ಬೇಕಾದ್ದು. ಫೋನು, ಫ್ಯಾನು, ಆಫೀಸು ಬಂದ ಮೇಲೆ ಹಲ್ಲು-ತುಟಿಯ ಫ ಅಭ್ಯಾಸ ಆಗಿ ಈಗ ಫಲಾನೂ ಫೋನ್ ತರ ಹೇಳ್ತಾರೆ.

ಇದನ್ನೆಲ್ಲ ತಿಳ್ಕೊಂಡು ಏನು ಪ್ರಯೋಜನ? ಎಸ್‌ಎಸ್‌ಎಲ್‌ಸಿಗೆ ಸಂಧಿ ಸಾಕಲ್ವಾ?

ಸಂಧಿಗೇ ಇದು ಬೇಕಾಗಿರೋದು. ಆದೇಶ ಸಂಧಿಯಲ್ಲಿ ಕ ತ ಪ ಬದಲು ಗ ದ ಬ ಬರುತ್ತೆ ಅಂತ ಉರು ಹೊಡೀತಾರೆ, ಮಳೆಗಾಲ, ಮೈದೊಳೆ, ಕಂಬನಿ. ಕ ಯಾಕೆ ಗ ಆಗುತ್ತೆ, ದ ಯಾಕಾಗಲ್ಲ? ಸ್ಥಾನ ಬದಲಾಗದೆ ನಾದ ಮಾತ್ರ ಸೇರಿದ್ದಕ್ಕೆ. ಜಶ್ತ್ವವೂ ಅಷ್ಟೇ, ವಾಗೀಶ, ಷಡಾನನ. ಅನುನಾಸಿಕ ಸಂಧಿ ಅಂದ್ರೆ ಅದೇ ಸಾಲಿನ ಕೊನೇ ಮನೆಗೆ ಹೋಗೋದು, ವಾಙ್ಮಯ, ಷಣ್ಮುಖ, ಸನ್ಮಾನ. ಶ್ಚುತ್ವದಲ್ಲಿ ಮಾತ್ರ ಸ್ಥಾನಾನೇ ಬದಲಾಗುತ್ತೆ, ಸತ್ ಮುಂದೆ ಚಿತ್ ಬಂದ್ರೆ ತ ಪಕ್ಕದ ಚ ಸ್ಥಾನಕ್ಕೆ ಜರುಗಿ ಸಚ್ಚಿತ್. ಟೇಬಲ್ಲು ಕಣ್ಣ ಮುಂದೆ ಇದ್ರೆ ಉದಾಹರಣೆ ಮರೆತೋದ್ರೂ ಉತ್ತರ ತಾನಾಗೇ ಬರುತ್ತೆ.

ಙ ಞ ಯಾವ ಪದದಲ್ಲೂ ಕಾಣಲ್ಲ, ಸುಮ್ನೆ ಯಾಕಿವೆ?

ಬರೆಯಲ್ಲ, ಆದ್ರೆ ದಿನಾ ಹೇಳ್ತೀವಿ. ಅಂಕ, ಅಂಚು, ಅಂಡ, ಅಂತ, ಅಂಬು, ಈ ಐದರಲ್ಲೂ ಬರೆದಿರೋದು ಒಂದೇ ಸೊನ್ನೆ, ಬಾಯಿ ಮಾತ್ರ ಙ ಞ ಣ ನ ಮ ಅಂತ ಐದು ಬೇರೆ ಬೇರೆ ಕಡೆ ಹೋಗುತ್ತೆ. "ಅಂಕ" ಅನ್ನುವಾಗ ತುಟಿ ಮುಚ್ಚುತ್ತಾ ನೋಡಿ, ಮುಚ್ಚಲ್ಲ. ಮಲಯಾಳಂನಲ್ಲಿ ಇವು ಸ್ವತಂತ್ರವಾಗೇ ಇವೆ, ನಾನು ಅನ್ನೋಕೆ ಞಾನ್, ಮಾವಿನಕಾಯಿಗೆ ಮಾಙ್ಙ.

ಹಳಗನ್ನಡದ ೞ ಮತ್ತು ಱ ಏನಾದ್ವು?

ೞ ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚುತ್ತೆ ಆದ್ರೆ ಎಲ್ಲೂ ತಾಗಲ್ಲ, ಹಾಗಾಗಿ ಅದು ಅರ್ಧ ರ ಅರ್ಧ ಳ ತರ ಕೇಳುತ್ತೆ, ಕೇಶಿರಾಜ ಇದನ್ನ ರಳ ಅಂತ ಕರೆದ. ಮೞೆ, ಕೋೞಿ, ಏೞು ಎಲ್ಲ ಕನ್ನಡದಲ್ಲಿ ಮಳೆ, ಕೋಳಿ, ಏಳು ಆಗಿ ಸಾಮಾನ್ಯ ಳ ಜೊತೆ ಸೇರ್ಕೊಂಡ್ವು. ಅವನ ಕಾಲಕ್ಕೇ ಜನ ಗೊಂದಲ ಮಾಡ್ಕೋತಿದ್ರು, ಇಲ್ಲದಿದ್ರೆ ಯಾವ ಪದಕ್ಕೆ ರಳ ಅಂತ ಪಟ್ಟಿ ಕೊಡೋ ಅಗತ್ಯ ಇರ್ತಿರಲಿಲ್ಲ. ತಮಿಳು ಮಲಯಾಳಂನಲ್ಲಿ ಈ ಧ್ವನಿ ಇನ್ನೂ ಇದೆ, ಕೋೞಿಕ್ಕೋಡ್ ಅನ್ನೋದ್ರಲ್ಲಿ ಕೇಳಿಸ್ಕೊಳ್ಳಿ. ಱ ಕೂಡ ಹೀಗೇ ರ ಜೊತೆ ಬೆರೆತು ಹೋಯ್ತು.

ಯೂನಿಕೋಡ್‌ನಲ್ಲಿ ೞ ಇದೆ, ಟೈಪ್ ಮಾಡಬಹುದು, ಆದ್ರೆ ಯಾರೋ ಅದಕ್ಕೆ "ಕನ್ನಡ ಲೆಟರ್ ಫಾ" ಅಂತ ಹೆಸರಿಟ್ಟುಬಿಟ್ಟಿದ್ದಾರೆ. ಒಂದು ಸಲ ಕೊಟ್ಟ ಹೆಸರು ಬದಲಿಸಬಾರದು ಅಂತ ಅಲ್ಲಿನ ನಿಯಮ, ಹಾಗಾಗಿ ತಿದ್ದುಪಡಿ ಹೆಸರು ಪಕ್ಕದಲ್ಲಿ ಸೇರಿಸಿದ್ದಾರೆ, ನಾಲಿಗೆ ಮಡಚೋ ಅಕ್ಷರ ದಾಖಲೆಯಲ್ಲಿ ತುಟಿಯದಾಗೇ ಇದೆ.

ಕ್ಷ, ಜ್ಞ ಯಾವ ಸ್ಥಾನ?

ಒಂದೊಂದಕ್ಕೂ ಎರಡೆರಡು, ಅವು ಒತ್ತಕ್ಷರಗಳು. ಕ್ಷ ಅಂದ್ರೆ ಕ ಮತ್ತು ಷ. ಜ್ಞ ಬರೆಯೋದು ಜ ಮತ್ತು ಞ, ಎರಡೂ ತಾಲವ್ಯ, ಆದ್ರೆ ಕನ್ನಡದಲ್ಲಿ ಹೇಳೋದು "ಗ್ನಾನ" ಅಥವಾ "ಗ್ಯಾನ", ಅಲ್ಲಿ ಜ ಇರೋದು ಕಾಗದದ ಮೇಲೆ ಮಾತ್ರ.